ಹಿಂದೆ ನಿಂತು ನುಡಿಸಿದವರು

ಪಟ್ಟಿ ಮಾಡುವುದು ಮನುಷ್ಯನಿಗೆ ಅಂಟಿಕೊಂಡ ಹಳೆಯ ಚಟ. ದಿನಸಿ ಅಂಗಡಿಯ ಪಟ್ಟಿಯಾದರೆ ಚಿಂತೆಯಿಲ್ಲ. ಬೇಳೆ ಮರೆತರೆ ಸಂಜೆಯೊಳಗೆ ನೆನಪು ಮಾಡಿಕೊಡುವವರು ಮನೆಯಲ್ಲಿಯೇ ಇರುತ್ತಾರೆ. ಕಲಾವಿದರ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋದರೆ ಕೇಳುವವರಾರು? ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆಯು 2003ರಲ್ಲಿ ಶ್ರೇಷ್ಠ ಗಿಟಾರ್ ವಾದಕರೆಂದು ನೂರು ಮಂದಿಯನ್ನು ಸಾಲಾಗಿ ನಿಲ್ಲಿಸಿತು. ಆ ನೂರರಲ್ಲಿ ಹೆಂಗಸರು ಇಬ್ಬರೇ. ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಂಬಾಕೆಯ ಹೆಸರು ಅಲ್ಲಿರಲಿಲ್ಲ. ಇಪ್ಪತ್ತು ವರ್ಷ ಕಳೆದು, 2023ರಲ್ಲಿ, ಅದೇ ಪತ್ರಿಕೆ ಇನ್ನಷ್ಟು ಉದ್ದವಾದ ಪಟ್ಟಿಯನ್ನು ಪ್ರಕಟಿಸಿದಾಗ ಆಕೆ ಆರನೆಯ ಸ್ಥಾನದಲ್ಲಿ ವಿರಾಜಮಾನಳಾಗಿದ್ದಳು! ಆಕೆ ತೀರಿಕೊಂಡದ್ದು 1973ರಲ್ಲಿ. ನಡುವಣ ಇಪ್ಪತ್ತು ವರ್ಷಗಳಲ್ಲಿ ಆಕೆ ಒಂದು ತಂತಿಯನ್ನೂ ಮೀಟಿರಲಿಲ್ಲ. ಹಾಗಾದರೆ ಸುಧಾರಿಸಿದ್ದು ಯಾರ ಕೈ, ಯಾರ ಕಿವಿ?

ರಾಕ್ ಎಂಬ ಪದ ಕಿವಿಗೆ ಬಿದ್ದೊಡನೆ ಬಾಗಿಲು ಮುಚ್ಚುವ ಹಿರಿಯರು ನಮ್ಮ ಮನೆಗಳಲ್ಲಿ ಇಂದಿಗೂ ಉಂಟು. ಆ ಗದ್ದಲದ ಬೇರುಗಳಲ್ಲೊಂದು ದೇವರ ಪ್ರಾರ್ಥನೆಯಲ್ಲಿದೆಯೆಂದರೆ ಅವರು ನಂಬಲಾರರು. ರೊಸೆಟ್ಟಾ ಹುಟ್ಟಿದ್ದು 1915ರಲ್ಲಿ, ಅರ್ಕಾನ್ಸಾ ಪ್ರಾಂತದ ಕಾಟನ್ ಪ್ಲಾಂಟ್ ಎಂಬ ಊರಿನಲ್ಲಿ. ತಾಯಿ ಮ್ಯಾಂಡೊಲಿನ್ ನುಡಿಸುತ್ತ ಧರ್ಮಬೋಧೆ ಮಾಡುತ್ತಿದ್ದವಳು. ಮಗಳು ಎಳೆಯ ಪ್ರಾಯದಲ್ಲೇ ಗಿಟಾರ್ ಹಿಡಿದು ಚರ್ಚಿನ ಸಭೆಗಳಲ್ಲಿ ಹಾಡಿದಳು. 1938ರಲ್ಲಿ ಆಕೆಯ ಮೊದಲ ಧ್ವನಿಮುದ್ರಿಕೆಗಳು ಹೊರಬಂದವು. ಅದೇ ವರ್ಷ ನ್ಯೂಯಾರ್ಕಿನ ಕಾರ್ನೆಗಿ ಹಾಲಿನ ವೇದಿಕೆ ದೊರೆಯಿತು. 1944ರಲ್ಲಿ ಆಕೆ ಮುದ್ರಿಸಿದ ‘ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ’ ಎಂಬ ಹಾಡನ್ನು ಕೇಳಿ ನೋಡಿ. ಮುಂದೆ ಲೋಕವೆಲ್ಲ ಕುಣಿದ ಕುಣಿತದ ನಡೆ ಅಲ್ಲಿ ಆಗಲೇ ಇದೆ. ಎಲ್ವಿಸ್ ಪ್ರೀಸ್ಲಿಯ ಮೊದಲ ಮುದ್ರಿಕೆ ಬಂದದ್ದು ಅದಾದ ಹತ್ತು ವರ್ಷಕ್ಕೆ.

ಇಷ್ಟಿದ್ದೂ ಮರೆವು ಹೇಗೆ ಕವಿಯಿತು? ದೇವರ ಹಾಡನ್ನು ಮದ್ಯದ ಕ್ಲಬ್ಬಿಗೆ ಕೊಂಡೊಯ್ದಳೆಂದು ಭಕ್ತರಿಗೆ ಸಿಟ್ಟು. ಕ್ಲಬ್ಬಿನವರಿಗೆ ಆಕೆ ಎಷ್ಟಾದರೂ ಭಕ್ತಿಗೀತೆಯವಳು. ಅಂಗಡಿಯವನು ಆಕೆಯ ತಟ್ಟೆಗಳನ್ನು ಧಾರ್ಮಿಕ ಗೀತೆಗಳ ಕಪಾಟಿನಲ್ಲಿ ಇರಿಸಿದ. ರಾಕ್ ಸಂಗೀತದ ಚರಿತ್ರೆ ಬರೆಯಹೊರಟವರು ಆ ಕಪಾಟಿನ ಬಳಿಗೆ ಸುಳಿಯಲಿಲ್ಲ. ಎರಡು ಮನೆಯ ನೆಂಟಳಿಗೆ ಎರಡು ಮನೆಯಲ್ಲೂ ಎಲೆ ಬೀಳಲಿಲ್ಲ. ಸಾಲದುದಕ್ಕೆ ಆಕೆ ಕಪ್ಪು ವರ್ಣದವಳು, ಅದರಲ್ಲೂ ಹೆಂಗಸು. ವಿದ್ಯುತ್ ಗಿಟಾರನ್ನು ಗಂಡಸಿನ ಕತ್ತಿಯೆಂದು ತಿಳಿದವರ ಕಣ್ಣಿಗೆ ಅದು ಹೆಣ್ಣಿನ ಹೆಗಲಿನಲ್ಲಿದ್ದರೂ ಕಾಣಿಸದು.

1964ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಟೆಲಿವಿಷನ್ನಿಗಾಗಿ ಆಕೆಯ ಕಾರ್ಯಕ್ರಮವೊಂದು ನಡೆಯಿತು. ಬಳಕೆ ತಪ್ಪಿದ ರೈಲ್ವೆ ನಿಲ್ದಾಣ. ಹಳಿಯ ಈಚೆ ಪ್ಲಾಟ್‌ಫಾರಮ್ಮಿನಲ್ಲಿ ಶ್ರೋತೃಗಳು, ಆಚೆಯದರಲ್ಲಿ ವಾದಕರು. ಮಳೆ ಸುರಿದಿತ್ತು. ಆಕೆ ಕುದುರೆಗಾಡಿಯಿಂದಿಳಿದು, ನಿಲುವಂಗಿಯಲ್ಲೇ ಬಿಳಿಯ ಗಿಟಾರನ್ನು ಹೆಗಲಿಗೇರಿಸಿ, ಮಳೆಯ ಹಾಡನ್ನೇ ಎತ್ತಿಕೊಂಡಳು. ಆ ಚಿತ್ರ ಇಂದಿಗೂ ನೋಡಸಿಗುತ್ತದೆ. ನಡುವಯಸ್ಸು ಮೀರಿದ ಗೃಹಿಣಿಯಂತೆ ಕಾಣುವ ಆಕೆಯ ಬೆರಳಿನಿಂದ ಸಿಡಿಲಿನಂಥ ಸ್ವರ ಹೊರಡುವುದನ್ನು ಕಂಡಾಗ ನನಗೆ ಮೈ ಜುಮ್ಮೆಂದಿತು. ಒಂಬತ್ತು ವರ್ಷಗಳ ತರುವಾಯ ಫಿಲಡೆಲ್ಫಿಯದಲ್ಲಿ ಆಕೆಯನ್ನು ಮಣ್ಣು ಮಾಡಿದ ಜಾಗದಲ್ಲಿ ಹೆಸರಿನ ಕಲ್ಲೂ ಇರಲಿಲ್ಲ. ಅದನ್ನು ನಿಲ್ಲಿಸಲು ಮೂವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಐರ್ಲೆಂಡಿನ ರೋರಿ ಗ್ಯಾಲಹರನದು ಬೇರೆ ಬಗೆ. ಬಿಡಿ ಹಾಡುಗಳ ಪುಟ್ಟ ತಟ್ಟೆ ಹೊರಡಿಸಲು ಆತ ಒಪ್ಪುತ್ತಿರಲಿಲ್ಲ. ರೇಡಿಯೋದವರು ಅಂಥ ತಟ್ಟೆಯಿಲ್ಲದವನನ್ನು ಹೆಚ್ಚು ನುಡಿಸರು. ಬೆಲ್‌ಫಾಸ್ಟಿನಲ್ಲಿ ಬಾಂಬು ಸಿಡಿಯುತ್ತಿದ್ದ ಕಾಲದಲ್ಲೂ ಅಲ್ಲಿಗೆ ತಪ್ಪದೆ ಹೋಗಿ ಕಚೇರಿ ಮಾಡಿದ ಆ ಸಂಕೋಚದ ಮನುಷ್ಯ 1995ರಲ್ಲಿ, ನಲವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡ. 1963ರಲ್ಲಿ ನೂರು ಪೌಂಡಿಗೆ ಸಾಲದಲ್ಲಿ ಕೊಂಡಿದ್ದ ಆತನ ಗಿಟಾರು 2024ರ ಹರಾಜಿನಲ್ಲಿ ಎಂಟು ಲಕ್ಷ ಪೌಂಡಿಗೂ ಮಿಕ್ಕಿ ಬೆಲೆ ಬಾಳಿತು. ವಾದ್ಯಕ್ಕೆ ಬಂದ ಭಾಗ್ಯವನ್ನು ನೋಡಿ!

ಇವರಿಬ್ಬರೂ ಹೇಗಾದರೂ ಮುಂದೆ ನಿಂತು ನುಡಿಸಿದವರು. ಹಿಂದೆ ನಿಂತವರ ಪಾಡೇನು? ಗಿಟಾರಿನಲ್ಲಿ ಎರಡು ಉದ್ಯೋಗಗಳಿವೆ. ಒಬ್ಬ ಸ್ವರಗಳನ್ನು ಬಿಡಿಬಿಡಿಯಾಗಿ ಎತ್ತಿ ಆಕಾಶಕ್ಕೆ ಹಾರಿಸುವವನು. ಇನ್ನೊಬ್ಬ ಸ್ವರಗುಚ್ಛಗಳನ್ನು ಲಯಕ್ಕೆ ಸರಿಯಾಗಿ ಬಡಿಯುತ್ತ ನೆಲವನ್ನು ಹಾಸುವವನು. ಚಪ್ಪಾಳೆ ಮೊದಲನೆಯವನಿಗೆ. ಈ ಎರಡನೆಯ ಉದ್ಯೋಗದ ಕಷ್ಟ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ನನ್ನ ಅಣ್ಣನಿಂದ. ಬ್ಯಾಂಕಿನ ಗುಮಾಸ್ತನಾಗಿದ್ದ ಅವನು ಬೆಂಗಳೂರಿನ ಒಂದು ಆರ್ಕೆಸ್ಟ್ರಾದಲ್ಲಿ ಹತ್ತೊಂಬತ್ತು ಗಣೇಶೋತ್ಸವಗಳ ಕಾಲ ರಿದಂ ಗಿಟಾರ್ ನುಡಿಸಿದ. ಒಂದು ರಾತ್ರಿ ಕೊನೆಯಲ್ಲಿ ನಿರೂಪಕರು ಗಾಯಕರಿಂದ ಹಿಡಿದು ಮೈಕ್‌ಸೆಟ್ಟಿನ ಹುಡುಗನವರೆಗೆ ಎಲ್ಲರ ಹೆಸರನ್ನೂ ಹೇಳಿ, ಅವನೊಬ್ಬನನ್ನು ಬಿಟ್ಟರು. ಅಣ್ಣ ಗಿಟಾರನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟ. ಮರುವರ್ಷ ಅದನ್ನು ತೆಗೆಯಲಿಲ್ಲ.

ಅವನ ದೇವರು ಮಾಲ್ಕಮ್ ಯಂಗ್. ಗ್ಲಾಸ್ಗೋದಲ್ಲಿ 1953ರಲ್ಲಿ ಹುಟ್ಟಿ ಸಿಡ್ನಿಯಲ್ಲಿ ಬೆಳೆದ ಈತ, 1973ರಲ್ಲಿ ತಮ್ಮನಾದ ಆ್ಯಂಗಸ್‌ನೊಡನೆ ‘ಎಸಿ ಡಿಸಿ’ ತಂಡವನ್ನು ಕಟ್ಟಿದ. ಶಾಲಾ ಹುಡುಗನ ಚಡ್ಡಿ ತೊಟ್ಟು ವೇದಿಕೆಯ ತುಂಬ ನೆಗೆದಾಡುವ ತಮ್ಮನನ್ನು ಜಗತ್ತು ಬಲ್ಲದು. ಅಣ್ಣ ಹಿಂದೆ ಧ್ವನಿವರ್ಧಕಗಳ ಬಳಿ ನಿಂತಿರುತ್ತಿದ್ದ. ಪಲ್ಲವಿಗೆ ದನಿಗೂಡಿಸಲು ಮೈಕಿನ ಬಳಿ ಬಂದು ಮತ್ತೆ ಹಿಂದಕ್ಕೆ ಸರಿಯುತ್ತಿದ್ದ. ತಂಡವನ್ನು ನಡೆಸುತ್ತಿದ್ದವನು ಮಾತ್ರ ಅವನೇ. 2008ರಲ್ಲಿ ಆರಂಭವಾದ ಕೊನೆಯ ಪ್ರವಾಸದ ವೇಳೆಗೆ ಅವನಿಗೆ ಮರೆವಿನ ರೋಗ ಹತ್ತಿತ್ತು. ತಾನೇ ಕಟ್ಟಿದ ಹಾಡುಗಳನ್ನು ಕಚೇರಿಗೆ ಮುಂಚೆ ಹೊಸದಾಗಿ ಕಲಿತುಕೊಂಡು ವೇದಿಕೆಗೆ ಬರುತ್ತಿದ್ದನಂತೆ. 2014ರಲ್ಲಿ ನಿವೃತ್ತನಾಗಿ, 2017ರ ನವೆಂಬರಿನಲ್ಲಿ ತೀರಿಕೊಂಡ.

ಆ ಸುದ್ದಿ ಬಂದ ದಿನ ಅಣ್ಣ ನನ್ನನ್ನು ಕೂರಿಸಿ, ಕಿವಿಗೆ ಶ್ರವಣಯಂತ್ರವನ್ನು ತೊಡಿಸಿದ. ಒಂದು ಕಿವಿಗೆ ತಮ್ಮನ ಗಿಟಾರು, ಇನ್ನೊಂದಕ್ಕೆ ಅಣ್ಣನದು. “ಈಗ ಇದನ್ನು ತೆಗೆದು ಕೇಳು” ಎಂದು ಒಂದು ಕಡೆಯದನ್ನು ಸರಿಸಿದ. ಹಾಡು ಮುಂದುವರಿಯುತ್ತಲೇ ಇತ್ತು. ಆದರೆ ಕಂಬ ಕಿತ್ತ ಚಪ್ಪರದ ಹಾಗೆ ಜೋತುಬಿದ್ದಿತು. ಅಣ್ಣ ಏನೂ ಹೇಳಲಿಲ್ಲ.

ಅತ್ತಿಗೆ ಅಷ್ಟರಲ್ಲಿ ಅಲ್ಮೇರದಿಂದ ಹಳೆಯ ಭಾವಚಿತ್ರವೊಂದನ್ನು ತಂದರು. ಅವರ ಆರ್ಕೆಸ್ಟ್ರಾದ್ದೆಂದು ಮನೆಯಲ್ಲಿ ಉಳಿದಿರುವುದು ಅದೊಂದೇ. ನಡುವೆ ಗಾಯಕರು, ಹೊಳೆಯುವ ಕೋಟು, ಎತ್ತಿದ ಕೈ.

“ಇದರಲ್ಲಿ ನೀವೆಲ್ಲಿದ್ದೀರಿ?” ಎಂದರು ಅತ್ತಿಗೆ.

ಗಾಯಕರ ತೋಳಿನ ಹಿಂದೆ ಗಿಟಾರಿನ ಕತ್ತು ತುಸುವೇ ಇಣುಕಿತ್ತು. ಅದರ ಮೇಲೆ ಮೂರು ಬೆರಳು. ಅಣ್ಣ ಕನ್ನಡಕ ಏರಿಸಿ ಬಗ್ಗಿ ನೋಡಿದ.

“ಸಿ ಮೇಜರ್” ಎಂದ.