ಮಸ್ಕಿಯ ಮತದಾರ

ಮಸ್ಕಿ ಎಂದೊಡನೆ ಇತಿಹಾಸ ಓದಿದವರಿಗೆ ನೆನಪಾಗುವುದು ಅಶೋಕನ ಬಂಡೆಗಲ್ಲಿನ ಶಾಸನ. ‘ದೇವಾನಾಂಪ್ರಿಯ’ನೆಂಬ ಅರಸು ಅಶೋಕನೇ ಎಂಬುದನ್ನು ಸ್ಥಿರಪಡಿಸಿದ್ದು 1915ರಲ್ಲಿ ಅಲ್ಲಿ ದೊರೆತ ಆ ಬರಹ. ಇಷ್ಟು ಪುರಾತನವಾದ ಊರು ವಿಧಾನಸಭಾ ಕ್ಷೇತ್ರವೆನಿಸಿದ್ದು ಮಾತ್ರ ತೀರ ಈಚೆಗೆ, 2008ರಲ್ಲಿ.

2001ರ ಜನಗಣತಿಯನ್ನು ಆಧರಿಸಿ ಕ್ಷೇತ್ರಗಳ ಎಲ್ಲೆಗಳನ್ನು ಹೊಸದಾಗಿ ಗೆರೆಯೆಳೆದಾಗ, ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಮಸ್ಕಿಯೂ ಸಿಂಧನೂರು ತಾಲ್ಲೂಕಿನ ತುರ್ವಿಹಾಳವೂ ಒಂದೇ ಕ್ಷೇತ್ರದೊಳಗೆ ಬಂದವು. ಅದು ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಮಸ್ಕಿಗೆ ತಾಲ್ಲೂಕಿನ ಪಟ್ಟ ದೊರೆತದ್ದು ಸುಮಾರು ಒಂದು ದಶಕದ ತರುವಾಯ. ಲೋಕಸಭೆಯ ಗೆರೆ ಇನ್ನೂ ಸೋಜಿಗದ್ದು. ಮೂರೂ ಊರುಗಳು ರಾಯಚೂರು ಜಿಲ್ಲೆಯವೇ. ಆದರೆ ಲಿಂಗಸುಗೂರಿನ ಮತ ರಾಯಚೂರಿಗೆ, ಸಿಂಧನೂರು ಮತ್ತು ಮಸ್ಕಿಗಳ ಮತ ಕೊಪ್ಪಳಕ್ಕೆ.

ಗೆರೆ ಎಳೆದವರು ಯಾರಾದರೇನು, ಅದಕ್ಕೆ ಅರ್ಥ ತುಂಬುವವರು ಮತದಾರರು. ಮೊದಲ ಚುನಾವಣೆಯಲ್ಲಿ ಅವರು ಭಾರತೀಯ ಜನತಾ ಪಕ್ಷದ ಪ್ರತಾಪಗೌಡ ಪಾಟೀಲರನ್ನು ಆರಿಸಿದರು. 2013ರಲ್ಲಿ ಅವರೇ ಕಾಂಗ್ರೆಸ್ಸಿನಿಂದ ಗೆದ್ದರು. 2018ರಲ್ಲಿ ಮತ್ತೆ ಗೆದ್ದರು. ಆದರೆ ಎದುರಾಳಿ, ಭಾರತೀಯ ಜನತಾ ಪಕ್ಷದ ಬಸನಗೌಡ ತುರ್ವಿಹಾಳರಿಗಿಂತ ಅವರಿಗೆ ಹೆಚ್ಚು ಬಂದದ್ದು ಕೇವಲ 213 ಮತ. ಮದುವೆಮನೆಯಲ್ಲಿ ಒಂದು ಪಂಕ್ತಿಗೆ ಕುಳಿತು ಏಳುವಷ್ಟು ಜನ! ‘ನನ್ನೊಬ್ಬನ ಮತದಿಂದ ಏನಾದೀತು’ ಎಂದು ಮನೆಯಲ್ಲೇ ಉಳಿಯುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

2019ರ ಜುಲೈಯಲ್ಲಿ ಪಾಟೀಲರು ರಾಜೀನಾಮೆಯಿತ್ತರು. ಅದೇ ತಿಂಗಳ 28ರಂದು ಸಭಾಧ್ಯಕ್ಷರು ಅವರನ್ನು ಅನರ್ಹರೆಂದು ಸಾರಿದರು. ಡಿಸೆಂಬರಿನಲ್ಲಿ ಬೇರೆ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. 2018ರ ಫಲಿತಾಂಶವನ್ನು ಕುರಿತ ತಕರಾರು ಅರ್ಜಿ ಉಚ್ಚ ನ್ಯಾಯಾಲಯದಲ್ಲಿದ್ದುದರಿಂದ ಮಸ್ಕಿ ಕಾದು ಕುಳಿತಿತು. ಸುಮಾರು 21 ತಿಂಗಳು ಆ ಜನರ ಪರವಾಗಿ ಸಭೆಯಲ್ಲಿ ಎದ್ದು ನಿಲ್ಲುವವರಿರಲಿಲ್ಲ. ಅತ್ತ ಪಾಮನಕಲ್ಲೂರಿನಲ್ಲಿ ರೈತರು, ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಧರಣಿ ಕುಳಿತರು. ಹೊಲಕ್ಕೆ ನೀರು ಕೇಳುವವನಿಗೆ ನ್ಯಾಯಾಲಯದ ಅರ್ಜಿ ಮುಗಿಯುವವರೆಗೆ ಮಳೆಗಾಲ ನಿಲ್ಲುವುದಿಲ್ಲ.

ಕೊನೆಗೆ 2021ರ ಏಪ್ರಿಲ್ 17ರಂದು ಮತದಾನವಾಯಿತು. ಅಭ್ಯರ್ಥಿಗಳು ಅವರೇ ಇಬ್ಬರು. ಪಕ್ಷಗಳು ಮಾತ್ರ ಅದಲುಬದಲು. ಕಾಂಗ್ರೆಸ್ಸಿನ ತುರ್ವಿಹಾಳರು 30,606 ಮತಗಳ ಅಂತರದಿಂದ ಗೆದ್ದರು. 2023ರಲ್ಲಿಯೂ ಪಾಟೀಲರೆದುರು ಅವರಿಗೇ ಜಯ.

ಮತದಾರನ ಮನಸ್ಸನ್ನು ಅಂಕಿಗಳಿಂದ ಓದುವುದು ಸುಲಭವಲ್ಲ. ಆದರೂ ಒಂದು ಮಾತು ಸ್ಪಷ್ಟ. ಅಶೋಕನ ಕಾಲದಲ್ಲಿ ಅರಸು ಬರೆಸಿದ, ಪ್ರಜೆ ಕೇಳಿದ. ಇಂದು ಬರೆಯುವವನು ಪ್ರಜೆ. ಅವನ ಬರಹ ಕಲ್ಲಿನ ಮೇಲಿನದಲ್ಲ. ಆದುದರಿಂದಲೇ ಐದು ವರ್ಷಕ್ಕೊಮ್ಮೆ ಅದನ್ನು ಅಳಿಸಿ ಹೊಸದಾಗಿ ಬರೆಯುವ ಹಕ್ಕು ಅವನಿಗೆ ಉಳಿದಿದೆ.