ಹಳೆಯ ಮರ, ಹೊಸ ಮನೆ: ಹೊಸೂರು ಸೀಮೆಯ ಮುಯ್ಯಿ

ಬೆಂಗಳೂರಿನಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರು ಸಾಗಿ ಅತ್ತಿಬೆಲೆಯನ್ನು ಹಿಂದಿಕ್ಕಿದರೆ ಹೊಸೂರು. ಚಂದ್ರಚೂಡೇಶ್ವರನ ಬೆಟ್ಟ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ಶೂಳಗಿರಿಯನ್ನು ಹಾದು ಕೃಷ್ಣಗಿರಿಯ ಕೋಟೆಬೆಟ್ಟದ ತಪ್ಪಲನ್ನು ಸೇರಲು ಇನ್ನೊಂದು 50 ಕಿಲೋಮೀಟರು. ಹೆದ್ದಾರಿಯಲ್ಲಿ ಹೋಗುವವರಿಗೆ ಇದು ಒಂದು ಗಂಟೆಯ ದಾರಿ. ಆದರೆ ಹೆದ್ದಾರಿಯನ್ನು ಬಿಟ್ಟು ಬಾಗಲೂರು, ಮತ್ತಿಗಿರಿ, ಕೆಲಮಂಗಲ, ಡೆಂಕಣಿಕೋಟೆ, ತಳಿ ಎಂದು ಒಳದಾರಿಗಳನ್ನು ಹಿಡಿದವರಿಗೆ ಮಾತ್ರ ಈ ಸೀಮೆಯ ನಿಜವಾದ ಪರಿಚಯವಾದೀತು. ಬಸ್ಸಿನ ಫಲಕ ತಮಿಳಿನದು. ಬಸ್ಸಿನೊಳಗಿನ ಮಾತು ತಮಿಳು, ತೆಲುಗು, ಕನ್ನಡ ಮೂರರದೂ ಹೌದು.

ಇಂಥ ಸೀಮೆಯಲ್ಲಿ ಮದುವೆಯೆಂಬುದು ಎರಡು ಪಂಚಾಂಗಗಳ ನಡುವಿನ ಸಂಧಾನವೂ ಆಗಿರುತ್ತದೆ. ಕನ್ನಡದವರಿಗೆ ಆಷಾಢ ಒಲ್ಲದು, ತಮಿಳರಿಗೆ ಆಡಿ ಸಲ್ಲದು. ಒಂದು ಚಾಂದ್ರಮಾಸ, ಇನ್ನೊಂದು ಸೌರಮಾಸ. ಒಂದರ ಬಾಲವನ್ನು ಇನ್ನೊಂದು ಹಿಡಿದು ಬರುವುದರಿಂದ, ಎರಡು ಕಡೆಯ ನಂಟರೂ ಇರುವ ಮನೆಯವರಿಗೆ ಮುಹೂರ್ತವನ್ನು ಹುಡುಕುವುದೇ ಒಂದು ಸಾಹಸ. ಮುಹೂರ್ತ ದೊರೆತ ಮೇಲೆ ಕರೆಯೋಲೆ ಬರುತ್ತದೆ. ಅದರ ಬೆನ್ನಿಗೇ ನಮ್ಮ ಮನೆಗಳಲ್ಲಿ ಹಳೆಯ ಪ್ರಶ್ನೆ ಏಳುತ್ತದೆ: ‘ಏನು ಕೊಡೋಣ?’

ಮುಯ್ಯಿ ಮತ್ತು ಮೊಯ್

ನಮ್ಮ ಹಿರಿಯರು ಮದುವೆಯಲ್ಲಿ ಕೊಡುವುದನ್ನು ಮುಯ್ಯಿ ಎಂದರು. ನೆರೆಯ ತಮಿಳರು ಅದನ್ನೇ ಮೊಯ್ ಎನ್ನುತ್ತಾರೆ. ಹೆಸರೂ ಹತ್ತಿರದ್ದು, ರೂಢಿಯೂ ಹತ್ತಿರದ್ದು. ಮಂಟಪದ ಬಾಗಿಲಲ್ಲಿ ಒಬ್ಬರು ಪುಸ್ತಕವನ್ನು ಹಿಡಿದು ಕುಳಿತು, ಇಂಥವರಿಂದ ಇಷ್ಟು ಎಂದು ಬರೆದಿಡುತ್ತಾರೆ. ಕೊಟ್ಟವರ ಮನೆಯಲ್ಲಿ ಶುಭಕಾರ್ಯ ಬಂದಾಗ ಆ ಪುಸ್ತಕವನ್ನು ತೆಗೆದು ನೋಡಿ, ಬಂದದ್ದಕ್ಕೆ ಸಮನಾಗಿ ಅಥವಾ ಒಂದಿಷ್ಟು ಹೆಚ್ಚಾಗಿ ಹಿಂದಿರುಗಿಸುವುದು ಮರ್ಯಾದೆ. ಕಷ್ಟದ ಕಾಲಕ್ಕೆ ಊರೆಲ್ಲ ಕೂಡಿ ಒಂದು ಮನೆಯನ್ನು ಎತ್ತಿ ನಿಲ್ಲಿಸುವ ಸದುದ್ದೇಶ ಇದರ ಹಿಂದೆ ಇದ್ದಿತು. ಆದರೆ ಕನ್ನಡದಲ್ಲಿ ಇದೇ ಮಾತಿಗೆ ಸೇಡು ಎಂಬ ಅರ್ಥವೂ ಉಂಟೆಂಬುದನ್ನು ನಾವು ಮರೆಯಲಾಗದು. ಕೊಡುಗೆ ಎಲ್ಲಿ ಸಾಲವಾಗಿ, ಸಾಲ ಎಲ್ಲಿ ಹಗೆಯಾಗಿ ತಿರುಗುತ್ತದೆಂಬುದನ್ನು ಭಾಷೆಯೇ ಎಚ್ಚರಿಸಿದೆ. ಒಂದೇ ತಿಂಗಳಲ್ಲಿ ನಾಲ್ಕು ಕರೆಯೋಲೆ ಬಂದ ಕೂಲಿಕಾರರ ಮನೆಯಲ್ಲಿ ಮುಯ್ಯಿಗಾಗಿ ಕೈಸಾಲ ಮಾಡುವುದು ಇಂದಿಗೂ ಅಪರೂಪವಲ್ಲ.

ಪುಸ್ತಕದ ವಿಷಯ ಬಂದುದರಿಂದ ಕಾನೂನಿನ ಒಂದು ಮಾತನ್ನೂ ಹೇಳಿಬಿಡುವುದು ಒಳ್ಳೆಯದು. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಕೆಳಗೆ 1985ರಲ್ಲಿ ಬಂದ ನಿಯಮಗಳ ಪ್ರಕಾರ, ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧುವೂ ವರನಿಗೆ ಬಂದವುಗಳ ಪಟ್ಟಿಯನ್ನು ವರನೂ ಇಟ್ಟುಕೊಳ್ಳಬೇಕು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರು ಏನಾಗಬೇಕೆಂಬುದು ಇವೆಲ್ಲವನ್ನೂ ಬರೆದು, ಇಬ್ಬರೂ ಸಹಿ ಮಾಡಬೇಕು. ಮುಯ್ಯಿ ಪುಸ್ತಕವನ್ನು ಅಷ್ಟು ಜತನದಿಂದ ಬರೆಯುವ ನಾವು ಈ ಪಟ್ಟಿಯನ್ನು ಬರೆಯಲು ಉದಾಸೀನ ಮಾಡುತ್ತೇವೆ. ಮುಂದೆ ತೊಂದರೆ ಬಂದಾಗ ಹೆಣ್ಣುಮಗಳಿಗೆ ಆಸರೆಯಾಗುವುದು ಈ ಪಟ್ಟಿಯೇ.

ಅಟ್ಟದ ಮೇಲಿನ ಆಸ್ತಿ

ತಲೆಮಾರಿಗೊಂದು ಉಡುಗೊರೆ ಮೆರೆದಿದೆ. ಒಂದು ಕಾಲದಲ್ಲಿ ಹಿತ್ತಾಳೆಯ ಕೊಳಗ, ಹಲಸಿನ ಮರದ ಪೆಟ್ಟಿಗೆ, ಬಣ್ಣದ ತೊಟ್ಟಿಲು. ಆಮೇಲೆ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ. ಬೆಂಗಳೂರಿನಲ್ಲಿ 1961ರಲ್ಲಿ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ಆರಂಭವಾದ ಮೇಲೆ ಅಳಿಯನ ಕೈಗೆ ಗಡಿಯಾರ ಕಟ್ಟುವುದು ಪದ್ಧತಿಯೇ ಆಯಿತು. ಟಾಟಾ ಸಂಸ್ಥೆಯೂ ತಮಿಳುನಾಡಿನ ಕೈಗಾರಿಕಾ ಅಭಿವೃದ್ಧಿ ನಿಗಮವೂ ಕೂಡಿ 1984ರಲ್ಲಿ ಟೈಟಾನ್ ಅನ್ನು ಸ್ಥಾಪಿಸಿ, ಅದರ ಕಾರ್ಖಾನೆ ಹೊಸೂರಿಗೇ ಬಂದಾಗ, ಮದುವೆಯ ಗಡಿಯಾರ ನಮ್ಮೂರಿನ ಸರಕೇ ಆಗಿಬಿಟ್ಟಿತು.

ಈಗಿನ ಮಾತೇ ಬೇರೆ. ಮದುವೆ ಮುಗಿದ ಮರುದಿನ ಹೊಳೆಯುವ ಕಾಗದವನ್ನು ಬಿಚ್ಚಿದರೆ ಐದು ಗೋಡೆ ಗಡಿಯಾರ, ಆರು ಊಟದ ಸೆಟ್ಟು, ಒಂದೇ ಬಗೆಯ ನಾಲ್ಕು ದೀಪ. ಹೊಸೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯನ್ನು ಹಿಡಿದ ದಂಪತಿಗಳು ಇವನ್ನೆಲ್ಲ ಎಲ್ಲಿಟ್ಟಾರು? ಪೆಟ್ಟಿಗೆ ಬಿಚ್ಚದೆಯೇ ಅವು ಇನ್ನೊಬ್ಬರ ಮದುವೆಗೆ ಸಾಗುತ್ತವೆ.

ಇತ್ತ ಹಳ್ಳಿಗಳಲ್ಲಿ ಹಳೆಯ ಹೆಂಚಿನ ಮನೆಗಳು ಒಂದೊಂದಾಗಿ ನೆಲಕ್ಕುರುಳುತ್ತಿವೆ. ಮಕ್ಕಳು ಬೆಂಗಳೂರಿಗೋ ಹೊಸೂರಿನ ಕಾರ್ಖಾನೆಗಳಿಗೋ ಹೋಗಿದ್ದಾರೆ; ಕಾಂಕ್ರೀಟಿನ ಮನೆ ಏಳುವಾಗ ಹೊನ್ನೆಯ ಬಾಗಿಲು, ಹಲಸಿನ ತೊಲೆ, ಹಗ್ಗದ ಮಂಚ ಎಲ್ಲವೂ ಗುಜರಿಯವನ ಗಾಡಿಯನ್ನೇರುತ್ತವೆ. ಈ ನಾಡಿನ ಒಡೆತನವೇ ಎಷ್ಟು ಸಲ ಕೈ ಬದಲಾಯಿಸಿತು! 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನಿಂದ ಬಾರಾಮಹಲು ಕಂಪೆನಿಯ ವಶವಾಯಿತು. 1799ರಲ್ಲಿ ಹೊಸೂರು ಭಾಗವೂ ಅದನ್ನು ಹಿಂಬಾಲಿಸಿತು. ಬಹುಕಾಲ ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ ಜಿಲ್ಲೆ, 2004ರಿಂದ ಕೃಷ್ಣಗಿರಿ ಜಿಲ್ಲೆ. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ನಾವು ಗಡಿಯ ಈಚೆಗೆ ಉಳಿದೆವು. ವಿಳಾಸಗಳು ಬದಲಾದರೂ ಮನೆಯೊಳಗಿನ ಸಾಮಾನುಗಳು ಬದಲಾಗಲಿಲ್ಲ. ಆ ಸಾಮಾನುಗಳೊಡನೆ ಅವುಗಳ ಕನ್ನಡ ಹೆಸರುಗಳೂ ಉಳಿದುವು. ಇಂದು ಸಾಮಾನು ಹೋದರೆ ಹೆಸರೂ ಹೋಗುತ್ತದೆ. ಮಣೆಯನ್ನೇ ಕಾಣದ ಮಗುವಿಗೆ ‘ಹಸೆಮಣೆ ಏರುವುದು’ ಎಂದರೇನೆಂದು ಹೇಗೆ ತಿಳಿಸುವುದು?

ಆದುದರಿಂದ ನಮಗೆ ತೋರುವುದಿಷ್ಟು: ಅಟ್ಟದ ಮೇಲಿನದನ್ನು ಕೆಳಗಿಳಿಸಿ, ಆಚಾರಿಯ ಕೈಯಲ್ಲಿ ಹೊಸ ರೂಪವನ್ನು ಕೊಡಿಸಿ, ಅದನ್ನೇ ಮದುವೆಯ ಉಡುಗೊರೆಯಾಗಿ ಏಕೆ ಕೊಡಬಾರದು? ಹಣ ಅಂಗಡಿಯ ಕಾಗದದ ಪೊಟ್ಟಣಕ್ಕೆ ಹೋಗುವ ಬದಲು ಊರಿನ ಬಡಗಿಯ ಕೂಲಿಗೆ ಹೋಗುತ್ತದೆ.

ಬಾಗಿಲು ಮೇಜಾದಾಗ

ಹಳೆಯ ಒಂಟಿ ಬಾಗಿಲು ಒಳ್ಳೆಯ ಮೇಜಾಗಬಲ್ಲದು. ಮೊದಲು ಮೊಳೆಗಳನ್ನೆಲ್ಲ ಕೀಳಬೇಕು. ಮರವನ್ನು ತಟ್ಟಿ ನೋಡಬೇಕು. ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಹುಳು ಬಿದ್ದಿದೆಯೆಂದು ಅರ್ಥ. ಅಂಥದನ್ನು ಔಷಧಿ ಮಾಡಿಸದೆ ಹೊಸ ಮನೆಗೆ ಕಳುಹಿಸಿದರೆ ಅಲ್ಲಿನ ಮಂಚಕ್ಕೂ ಅದು ಹರಡೀತು. ಹೊನ್ನೆ, ತೇಗ, ಹಲಸು ಇವು ಬಾಳಿಕೆಯ ಮರಗಳು. ಹಲಸಿನ ಹಳದಿ ಬಣ್ಣ ವಯಸ್ಸಾದಂತೆ ಕಂದಾಗುತ್ತ ಚೆಲುವಾಗುತ್ತದೆ. ಕೃಷ್ಣಗಿರಿಯ ಸುತ್ತ ಹೇರಳವಾಗಿರುವ ಮಾವಿನ ಮರ ಅಗ್ಗ. ಆದರೆ ಹುಳುವಿಗೆ ಬೇಗ ತುತ್ತಾಗುವುದರಿಂದ ಹೆಚ್ಚಿನ ಎಚ್ಚರ ಬೇಕು.

ಹಳೆಯ ಬಣ್ಣದ ವಿಷಯದಲ್ಲಿ ಉದಾಸೀನ ಸಲ್ಲದು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಾಗಿದ್ದಿರಬಹುದು. ಅದರ ಧೂಳು ಮಕ್ಕಳ ಮಿದುಳಿಗೆ ಹಾನಿಕರ. ಬಣ್ಣದ ಬಾಗಿಲನ್ನೂ ತೊಟ್ಟಿಲನ್ನೂ ಒಣದಾಗಿ ಉಪ್ಪುಕಾಗದದಿಂದ ಉಜ್ಜಬಾರದು. ನೀರು ಹಾಕಿ ತೇವವಿಟ್ಟು, ಮಕ್ಕಳಿಂದ ದೂರದಲ್ಲಿ, ಮೂಗಿಗೆ ಮುಸುಕು ಕಟ್ಟಿ ಉಜ್ಜಬೇಕು. ಆಮೇಲೆ ಅಗಸೆ ಎಣ್ಣೆಯನ್ನು ಬಳಿಯುವುದು ಒಳ್ಳೆಯದು. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು: ಗಾಳಿಯೊಡನೆ ಸೇರಿ ಅದು ತಾನಾಗಿಯೇ ಕಾದು ಹೊತ್ತಿಕೊಳ್ಳುವುದುಂಟು. ಬಿಡಿಸಿ ಬಯಲಲ್ಲಿ ಹರವಿ ಒಣಗಿಸಬೇಕು.

ಹೊಲಿಗೆ ಯಂತ್ರದ ಎರಕದ ಕಬ್ಬಿಣದ ಕಾಲು ಮನೆಮನೆಯಲ್ಲೂ ತುಕ್ಕು ಹಿಡಿಯುತ್ತಿದೆ. ಅದರ ಮೇಲೆ ನಮ್ಮ ಜಿಲ್ಲೆಯ ಹೊಳಪು ಕಲ್ಲಿನ ಕಾರ್ಖಾನೆಗಳಲ್ಲಿ ಮಿಕ್ಕ ಗ್ರಾನೈಟ್ ತುಂಡನ್ನು ಕೂರಿಸಿದರೆ ಅಚ್ಚುಕಟ್ಟಾದ ಮೇಜು. 20 ಮಿಲಿಮೀಟರು ದಪ್ಪದ ಕಲ್ಲು ಚದರಡಿಗೆ ಸುಮಾರು 5 ಕಿಲೋ ತೂಗುತ್ತದೆ. ಎರಡಡಿಗೆ ಮೂರಡಿಯ ಹಲಗೆಯೆಂದರೆ 30 ಕಿಲೋ. ಎರಕದ ಕಾಲು ತಾಳುತ್ತದೆ, ತೆಳುವಾದ ಮರದ ಕಾಲು ತಾಳದು. ತುಳಿಯುವ ಹಲಗೆಯನ್ನು ಅಲುಗದಂತೆ ಬಿಗಿಯುವುದನ್ನು ಮರೆಯಬಾರದು. ಮಕ್ಕಳ ಬೆರಳು ಸಿಕ್ಕೀತು.

ರೇಷ್ಮೆ ಸಾಕುವ ಮನೆಗಳಲ್ಲಿ ಹಣ್ಣಾದ ಹುಳುಗಳನ್ನು ಬಿಡುವ ಬಿದಿರಿನ ಚಂದ್ರಿಕೆಯನ್ನು ನೋಡದವರಾರು? ಆರಡಿ ಉದ್ದ, ನಾಲ್ಕಡಿ ಅಗಲದ ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ. ಪ್ಲಾಸ್ಟಿಕ್ಕಿನ ಸಾಧನಗಳು ಬಂದ ಮೇಲೆ ಇವು ಗೋಡೆಗೊರಗಿ ಕೂತಿವೆ. ಒಂದು ಚೌಕಟ್ಟನ್ನು ಕಟ್ಟಿಸಿದರೆ ಸಣ್ಣ ಮನೆಯ ಕೋಣೆಯನ್ನು ಎರಡಾಗಿ ಪಾಲು ಮಾಡುವ ತಡಿಕೆಯಾಗುತ್ತದೆ. ಸುರುಳಿಯ ಸಂದಿನಲ್ಲಿ ಬೆಳಕು ಸೋಸಿ ಬರುವ ಸೊಬಗೇ ಬೇರೆ. ಹುಳುಮನೆಯಲ್ಲಿ ಸೋಂಕು ನಿವಾರಣೆಗೆ ಮದ್ದು ಹೊಡೆದಿರುತ್ತಾರಾದ್ದರಿಂದ, ಚೆನ್ನಾಗಿ ತೊಳೆದು ನಾಲ್ಕು ದಿನ ಬಿಸಿಲಿಗೆ ಹಾಕಿದ ಮೇಲೆಯೇ ಮನೆಗೆ ತರಬೇಕು.

ಕಾರ್ಖಾನೆಗಳಿಗೆ ಯಂತ್ರಗಳನ್ನು ಹೊತ್ತು ಬರುವ ಮರದ ಪೆಟ್ಟಿಗೆ, ಅಡಿಹಲಗೆಗಳೂ ಉಪಯುಕ್ತವೇ. ಪುಸ್ತಕದ ಕಪಾಟು, ಚಪ್ಪಲಿಗೂಡು, ಬೆಂಚು ಇವಕ್ಕೆ ಆ ಮರ ಸಾಕು. ಆದರೆ ಹೊರದೇಶದಿಂದ ಬಂದ ಮರದ ಮೇಲೆ ಒಂದು ಮುದ್ರೆ ಇರುತ್ತದೆ. ಅದರಲ್ಲಿ ‘ಎಚ್‌ಟಿ’ ಎಂಬ ರೋಮನ್ ಅಕ್ಷರಗಳಿದ್ದರೆ ಹುಳು ಸಾಯಲೆಂದು ಮರವನ್ನು ಕಾಯಿಸಿದ್ದಾರೆಂದು ಅರ್ಥ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲವನ್ನು ಹಾಯಿಸಿದ್ದಾರೆ. ಎರಡನೆಯದು ಮನೆಯೊಳಕ್ಕೆ ಬೇಡ. ಎಣ್ಣೆಯ ಕಲೆ, ರಾಸಾಯನಿಕದ ವಾಸನೆಯಿರುವುದೂ ಬೇಡ.

ಒಂದು ಪೆಟ್ಟಿಗೆಯ ಸಂಗತಿ

‘ಹಳೆಯದನ್ನು ಮದುವೆಗೆ ಕೊಡುವುದೆ? ಜನ ಏನೆಂದಾರು?’ ಎಂಬ ಅಂಜಿಕೆ ಸಹಜವೇ. ಡೆಂಕಣಿಕೋಟೆಯ ಆಚೆಯ ಒಂದು ಹಳ್ಳಿಯಲ್ಲಿ ನಾವು ಕಂಡದ್ದನ್ನು ಇಲ್ಲಿ ಹೇಳಬೇಕೆನ್ನಿಸುತ್ತದೆ. ಆ ಮನೆಯ ಅಜ್ಜಿ ಹಲಸಿನ ಮರದ ದೊಡ್ಡ ಪೆಟ್ಟಿಗೆಯೊಂದನ್ನು ತೋರಿಸಿ, ‘ಗುಜರಿಯವ್ನು ಸೌದೆ ಲೆಕ್ಕದಾಗೆ ಕೇಳ್ದ ಕಣಪ್ಪಾ. ನಮ್ಮತ್ತೆ ಮದ್ವೇಲಿ ಅವ್ರ ಸೋದರಮಾವ ಕೊಟ್ಟಿದ್ದು. ತೂಕಕ್ಕೆ ಹಾಕಾಕೆ ಮನ್ಸು ಬರ್ಲಿಲ್ಲ’ ಎಂದರು. ಮೊಮ್ಮಗಳ ಮದುವೆ ಗೊತ್ತಾದಾಗ ಆಚಾರಿಯನ್ನು ಕರೆಸಿ, ಅದಕ್ಕೆ ಒರಗು ಹಲಗೆಯನ್ನೂ ಕಾಲನ್ನೂ ಹಚ್ಚಿಸಿ, ಕೂರುವುದಕ್ಕೂ ಹಾಸಿಗೆ ಬಟ್ಟೆ ತುಂಬಿಡುವುದಕ್ಕೂ ಆಗುವಂತೆ ಮಾಡಿಸಿದ್ದರು. ಹುಡುಗಿ ಮೊದಲು ಮುಖ ಸಣ್ಣದು ಮಾಡಿದಳಂತೆ: ‘ಅತ್ತೆ ಮನೆಯೋರು ನಗಲ್ವಾ ಅಜ್ಜೀ?’ ಅಜ್ಜಿ ಉತ್ತರವಾಗಿ ಕೇಳಿದ್ದು ಒಂದೇ ಮಾತು: ‘ನನ್ನ ಹಳೇ ಬಳೆ ಕರಗಿಸಿ ನಿಂಗೆ ಸರ ಮಾಡಿಸ್ದಾಗ ಯಾರಾದ್ರೂ ನಕ್ಕರಾ?’

ಮುಚ್ಚಳದ ಒಳಮೈಯಲ್ಲಿ ಆ ಪೆಟ್ಟಿಗೆಯನ್ನು ಆಳಿದ ಹೆಂಗಸರ ಹೆಸರುಗಳನ್ನು ಕನ್ನಡದಲ್ಲಿ ಬರೆಸಿದ್ದರು. ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸಿದ 2006ರ ಕಾಯಿದೆಯ ತರುವಾಯ ಓದಿದ ಹುಡುಗಿ ಅವಳು. ಕನ್ನಡವನ್ನು ಆಡಬಲ್ಲಳು, ಓದುವುದು ಅಕ್ಷರಕ್ಕೆ ಅಕ್ಷರ ಕೂಡಿಸಿ. ಬೆರಳಿಟ್ಟು ಒಂದೊಂದೇ ಹೆಸರನ್ನು ಓದಿ, ಕೊನೆಯಲ್ಲಿ ತನ್ನ ಹೆಸರನ್ನು ತಮಿಳಿನಲ್ಲಿ ಬರೆದಳೆಂದು ಅಜ್ಜಿ ನಗುತ್ತ ಹೇಳಿದರು. ಅದು ಸರಿಯಾಗಿಯೇ ಇದೆಯೆಂದು ನಮಗೂ ತೋರಿತು. ನಮ್ಮ ಪೆಟ್ಟಿಗೆ ಅವರಿಗೆ ಪೆಟ್ಟಿ, ನಮ್ಮ ತೊಟ್ಟಿಲು ಅವರಿಗೆ ತೊಟ್ಟಿಲ್, ನಮ್ಮ ಮಣೆ ಅವರಿಗೆ ಮಣೈ.

ಕೊಡುವವರಿಗೆ ನಾಲ್ಕು ಮಾತು

ಕೊಡುವ ಮುನ್ನ ಕೇಳಬೇಕು. ಅಚ್ಚರಿಯ ಉಡುಗೊರೆ ಗಾತ್ರದಲ್ಲಿ ಚಿಕ್ಕದಿದ್ದರಷ್ಟೇ ಚೆನ್ನ. ಬಾಡಿಗೆ ಮನೆಯ ಬಾಗಿಲನ್ನೂ ಮೆಟ್ಟಿಲ ತಿರುವನ್ನೂ ಅಳೆದು, ದೊಡ್ಡ ಸಾಮಾನಾದರೆ ಬೋಲ್ಟು ಬಿಚ್ಚಿ ಸಾಗಿಸುವಂತೆ ಮಾಡಿಸಬೇಕು. ಒಬ್ಬರಿಗೆ ಭಾರವಾದರೆ ನಾಲ್ಕು ಮನೆಯವರು ಕೂಡಿ ಆಚಾರಿಯ ಕೂಲಿಯನ್ನು ಹಂಚಿಕೊಳ್ಳಬಹುದು. ಬರಿದು ತೊಟ್ಟಿಲನ್ನು ತೂಗಬಾರದೆಂಬ ನಂಬಿಕೆಯ ಮನೆಗೆ ತೊಟ್ಟಿಲನ್ನು ಮದುವೆಯ ದಿನವೇ ಕಳುಹಿಸದೆ, ಸೀಮಂತದವರೆಗೆ ಕಾಯುವುದು ಲೇಸು. ಮತ್ತು ಮುಖ್ಯವಾಗಿ, ಇಂಥ ಕೊಡುಗೆಯನ್ನು ಕಾನೂನಿನ ಪಟ್ಟಿಯಲ್ಲಿ ತಪ್ಪದೆ ಬರೆಯಿಸಿ, ಮುಯ್ಯಿ ಪುಸ್ತಕದಲ್ಲಿ ಮಾತ್ರ ಬರೆಯಿಸದಿರುವುದು ಒಳ್ಳೆಯದು. ಅಜ್ಜಿಯ ಪೆಟ್ಟಿಗೆಗೆ ಸಮನಾದುದನ್ನು ಯಾರು ತಾನೆ ಹಿಂದಿರುಗಿಸಿಯಾರು? ತೀರಿಸಲಾಗದ ಮುಯ್ಯಿಯನ್ನು ಮುಂದಿನ ತಲೆಮಾರಿಗೆ ಸಾಗಿಸುವುದಷ್ಟೇ ಪಡೆದವರ ಕರ್ತವ್ಯ.

ಮುಂದಿನ ಲಗ್ನಗಳಿಗೆ ಇನ್ನೂ ಕಾಲವಿದೆ. ಅಷ್ಟರೊಳಗೆ ವಾಚಕರು ಒಮ್ಮೆ ಏಣಿಯಿಟ್ಟು ತಮ್ಮ ಅಟ್ಟವನ್ನು ನೋಡುವಂತಾಗಲಿ.