ಅಕಿಹಬರದ ಸಂದಿಗಳಲ್ಲಿ

ಟೋಕಿಯೋ ನಗರದ ಬಳಿಯಲ್ಲಿರುವ ಮಗಳ ಮನೆಗೆಂದು ಮೈಸೂರಿನಿಂದ ಹೊರಟಾಗ ನನ್ನ ಅಂಗಿಯ ಜೇಬಿನಲ್ಲಿ ಒಂದು ಚೀಟಿಯಿದ್ದಿತು. ನಮ್ಮ ಮನೆಯ ಹಳೆಯ ರೇಡಿಯೋವಿಗೆ ಬೇಕಾದ ಎರಡು ವಾಲ್ವುಗಳ ಹೆಸರನ್ನು ರಿಪೇರಿಯವರು ಅದರಲ್ಲಿ ಬರೆದುಕೊಟ್ಟಿದ್ದರು: ಇ.ಎಲ್. 84, ಇ.ಎಂ. 80. ಮೊದಲನೆಯದು ಧ್ವನಿಯನ್ನು ದೊಡ್ಡದು ಮಾಡುವ ವಾಲ್ವು. ಎರಡನೆಯದು ನಿಲಯವು ಸರಿಯಾಗಿ ಸಿಕ್ಕಿತೋ ಇಲ್ಲವೋ ಎಂಬುದನ್ನು ತೋರಿಸುವ ಹಸಿರು ಕಣ್ಣು. ಈ ಪೆಟ್ಟಿಗೆಯನ್ನು ನಮ್ಮ ತಂದೆಯವರು 1961ರಲ್ಲಿ ಕೊಂಡದ್ದು. ಅದು ಮೂಕವಾಗಿ ಮೂವತ್ತು ವರ್ಷಗಳಾಗಿದ್ದವು. ಎಂಬತ್ತಾರು ವರ್ಷದ ನನ್ನ ತಾಯಿಗೆ ಈಗ ಅದನ್ನು ಮತ್ತೆ ಕೇಳಬೇಕೆಂಬ ಆಸೆ ಹುಟ್ಟಿದೆ. “ನಿನ್ನ ಫೋನಿನಲ್ಲಿ ಕೇಳಿದ ಹಾಡೇ ಬರುತ್ತದಪ್ಪ, ಮುಂದೇನು ಬರುತ್ತದೋ ಎಂದು ಕಾಯುವ ಹಾಗೆಯೇ ಇಲ್ಲ,” ಎಂಬುದು ಅವರ ಆಕ್ಷೇಪಣೆ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ವಾಲ್ವುಗಳು ಅಕಿಹಬರದಲ್ಲಿ ದೊರೆಯಬಹುದೆಂದು ಅಳಿಯನು ಹೇಳಿದ್ದನು. ಆದರೆ ಅಲ್ಲಿಗೆ ಹೋಗುವ ಮೊದಲೇ ಮಗಳ ಮನೆಯಲ್ಲಿ ಒಂದು ಸಣ್ಣ ಯುದ್ಧ ನಡೆದುಹೋಯಿತೆಂಬುದನ್ನು ಮುಚ್ಚಿಡಲಾರೆ. ಹನ್ನೆರಡು ವರ್ಷದ ಮೊಮ್ಮಗ ಅನಿರುದ್ಧನು ಶಾಲೆಯಿಂದ ಬಂದೊಡನೆ ದೂರದರ್ಶನದ ಪರದೆಗೆ ಒಂದು ಕೆಂಪು ಬಿಳಿಯ ಆಟದ ಯಂತ್ರವನ್ನು ಜೋಡಿಸಿ ಕುಳಿತುಬಿಡುತ್ತಿದ್ದನು. ಮೂರು ದಿನ ನೋಡಿದೆನು. ನಾಲ್ಕನೆಯ ದಿನ, ಕಣ್ಣು ಹಾಳು, ಬುದ್ಧಿ ಹಾಳು, ಮನೆಯವರೊಡನೆ ಮಾತು ಹಾಳು ಎಂದು ಎಲ್ಲ ಅಜ್ಜಂದಿರೂ ಹೇಳುವ ಮಾತನ್ನು ನಾನೂ ಹೇಳಿದೆನು. ಮಗಳು ಮರುಮಾತಾಡದೆ ಯಂತ್ರವನ್ನು ಬೀರುವಿನೊಳಗಿಟ್ಟು ಬೀಗ ಹಾಕಿದಳು. ಗೆದ್ದವನು ನಾನೇ. ಆದರೆ ಅಂದಿನ ರಾತ್ರಿಯ ಊಟದಲ್ಲಿ ಯಾರೂ ಮಾತಾಡಲಿಲ್ಲ.

ಭಾನುವಾರ ನಾವಿಬ್ಬರೂ ಫುನಾಬಾಶಿಯಿಂದ ಹಳದಿ ಪಟ್ಟೆಯ ಸೋಬು ರೈಲು ಹತ್ತಿದೆವು. ನನಗೆ ಜಪಾನೀ ಭಾಷೆ ಬಾರದು. ಆದ್ದರಿಂದ ಮುನಿಸಿಕೊಂಡ ಹುಡುಗನೇ ನನ್ನ ದುಭಾಷಿ.

ಅಕಿಹಬರ ಎಂಬ ಹೆಸರಿಗೂ ವಿದ್ಯುಚ್ಛಕ್ತಿಗೂ ಯಾವ ಸಂಬಂಧವೂ ಇಲ್ಲ. 1869ರಲ್ಲಿ ಇಲ್ಲಿ ದೊಡ್ಡ ಬೆಂಕಿ ಬಿದ್ದು ಮನೆಗಳು ಸುಟ್ಟುಹೋದವು. ಮತ್ತೊಮ್ಮೆ ಬೆಂಕಿ ಹಬ್ಬದಿರಲೆಂದು ಸರ್ಕಾರದವರು ಆ ನೆಲವನ್ನು ಬಯಲಾಗಿಯೇ ಬಿಟ್ಟು, ಮರುವರ್ಷ ಅಗ್ನಿಶಾಂತಿಗಾಗಿ ಒಂದು ಗುಡಿಯನ್ನು ಕಟ್ಟಿಸಿದರು. ಗುಡಿಯ ದೇವರು ಬೇರೆಯಾದರೂ, ಬೆಂಕಿಯಿಂದ ಕಾಯುವ ದೇವರೆಂದರೆ ಜನಕ್ಕೆ ಗೊತ್ತಿದ್ದುದು ಅಕಿಬನೊಬ್ಬನೇ. ಅವರು ಅದನ್ನು ಅಕಿಬನ ಬಯಲೆಂದೇ ಕರೆದರು. 1890ರಲ್ಲಿ ಸಾಮಾನು ಸಾಗಿಸುವ ರೈಲು ನಿಲ್ದಾಣವು ಬಂದಾಗ ಅದೇ ಹೆಸರು ನಿಂತಿತು. ಬೆಂಕಿಗೆ ಹೆದರಿ ಖಾಲಿ ಬಿಟ್ಟ ಬಯಲಿನಲ್ಲಿ ಇಂದು ಲಕ್ಷಾಂತರ ದೀಪಗಳು ಉರಿಯುತ್ತಿರುವುವು.

ನಿಲ್ದಾಣದ ‘ವಿದ್ಯುತ್ ಪೇಟೆ’ಯ ಬಾಗಿಲಿನಿಂದ ಹೊರಬಿದ್ದರೆ ಹೆದ್ದಾರಿ. ಭಾನುವಾರದ ಮಧ್ಯಾಹ್ನ ಅಲ್ಲಿ ಮೋಟಾರುಗಳನ್ನು ತಡೆದು ಜನರಿಗೆ ದಾರಿಯನ್ನು ಬಿಟ್ಟುಕೊಡುವರು. ಎಂಟು ಹತ್ತು ಅಂತಸ್ತಿನ ಕಟ್ಟಡಗಳ ಮೈತುಂಬ ದೊಡ್ಡ ಕಣ್ಣಿನ ಚಿತ್ರದ ಹುಡುಗಿಯರು; ಕೆಳಗೆ, ದಾಸಿಯರ ವೇಷ ಧರಿಸಿ ಕಾಫಿ ಅಂಗಡಿಗಳಿಗೆ ಕರೆಯುವ ನಿಜವಾದ ಹುಡುಗಿಯರು. ಚಿಂತೆಯಿಲ್ಲದ ವಯಸ್ಸಿನವರಿಗೆ ಇದು ಸೊಗಸಾಗಿರಬಹುದು. ನಾನು ಚೀಟಿಯನ್ನು ಹಿಡಿದುಕೊಂಡು ನೆಲ ನೋಡುತ್ತ ನಡೆದೆನು. ‘ರೇಡಿಯೋ ಕೈಕನ್’ ಎಂದು ದೊಡ್ಡದಾಗಿ ಬರೆದ ಕಟ್ಟಡವನ್ನು ಕಂಡು ಉತ್ಸಾಹದಿಂದ ನುಗ್ಗಿದರೆ ಒಳಗೆ ಗಾಜಿನ ಪೆಟ್ಟಿಗೆಗಳಲ್ಲಿ ಗೊಂಬೆಗಳು, ಆಟದ ಎಲೆಗಳು. 1976ರಲ್ಲಿ ಇದೇ ಹೆಸರಿನ ಹಳೆಯ ಕಟ್ಟಡದ ಏಳನೆಯ ಅಂತಸ್ತಿನಲ್ಲಿ ಎನ್‌ಇಸಿ ಕಂಪೆನಿಯವರು ‘ಬಿಟ್ ಇನ್’ ಎಂಬ ಕೊಠಡಿಯನ್ನು ತೆರೆದು, ಮನೆಯಲ್ಲಿ ಕುಳಿತು ಜೋಡಿಸಬಹುದಾದ ಪುಟ್ಟ ಗಣಕವನ್ನು ಜನಕ್ಕೆ ಪರಿಚಯ ಮಾಡಿದರಂತೆ. ಈಗಿನ ಕಟ್ಟಡವು 2014ರದು. ರೇಡಿಯೋ ಹೋಗಿ ಹೆಸರು ಉಳಿದಿದೆ.

“ತಾತ, ನಿಮಗೆ ಬೇಕಾದ್ದು ಇಲ್ಲಿಲ್ಲ, ರೈಲಿನ ಕೆಳಗಿದೆ,” ಎಂದನು ಅನಿರುದ್ಧ. ಬೆಳಗಿನಿಂದ ಅವನು ಆಡಿದ ಮೊದಲ ಮಾತು ಅದು.

ಮೇಲೆ ರೈಲುಗಳು ಓಡುವ ಸೇತುವೆ. ಅದರ ಹೊಟ್ಟೆಯೊಳಗೆ ಒಂದು ಗೂಡು. ಒಬ್ಬರು ಎದುರಾದರೆ ಭುಜವನ್ನು ಓರೆಮಾಡಬೇಕಾದಷ್ಟು ಕಿರಿದಾದ ಸಂದಿ. ಎರಡು ಬದಿಯಲ್ಲಿಯೂ ನಮ್ಮ ಕಡೆಯ ಬಳೆಯಂಗಡಿಗಿಂತ ದೊಡ್ಡದಲ್ಲದ ಮಳಿಗೆಗಳು. ಅಂಗಡಿಯಾತನು ಕುಳಿತಲ್ಲಿಂದಲೇ ಕೈನೀಡಿ ತನ್ನ ಸರಕೆಲ್ಲವನ್ನೂ ಮುಟ್ಟಬಲ್ಲನು. ಒಬ್ಬನಲ್ಲಿ ಸ್ವಿಚ್ಚುಗಳು ಮಾತ್ರ, ಪಕ್ಕದವನಲ್ಲಿ ತಂತಿ, ಅದರಾಚೆ ಟ್ರಾನ್ಸ್‌ಫಾರ್ಮರುಗಳು, ಪುಟ್ಟ ದೀಪಗಳು. ಜೀರಿಗೆ ಮೆಂತ್ಯಗಳನ್ನು ಇಟ್ಟಂತೆ ಸಣ್ಣ ಸಣ್ಣ ಖಾನೆಗಳಲ್ಲಿ ಬಣ್ಣದ ಪಟ್ಟಿಯ ರೆಸಿಸ್ಟರುಗಳು. ಐದಾರು ನಿಮಿಷಗಳಿಗೊಮ್ಮೆ ತಲೆಯ ಮೇಲೆ ರೈಲು ಗುಡುಗುವುದು, ಖಾನೆಗಳೊಳಗಿನ ಸಾಮಾನು ಸಣ್ಣಗೆ ಅಲುಗುವುದು, ಯಾರೂ ತಲೆಯೆತ್ತರು.

ಈ ಸಂದಿಗಳ ಹುಟ್ಟು ಯುದ್ಧದ ಬೂದಿಯಲ್ಲಾದುದು. ಯುದ್ಧಕಾಲದಲ್ಲಿ ಸಾಮಾನ್ಯ ಜನರು ಹೊರದೇಶದ ಕಿರುತರಂಗಗಳನ್ನು ಕೇಳುವುದು ನಿಷಿದ್ಧವಾಗಿದ್ದಿತು. 1945ರಲ್ಲಿ ಸೋತು ಸುಣ್ಣವಾದ ಮೇಲೆ ಜನರಿಗೆ ಅನ್ನದಷ್ಟೇ ಸುದ್ದಿಯೂ ಬೇಕಾಯಿತು. ಕಾಂಡ ಎಂಬ ನೆರೆಯ ಬಡಾವಣೆಯಲ್ಲಿದ್ದ ವಿದ್ಯುತ್ ಶಾಲೆಯ ವಿದ್ಯಾರ್ಥಿಗಳು ಸೈನ್ಯದವರು ಬಿಸುಟ ವಾಲ್ವು, ಸುರುಳಿಗಳನ್ನು ಕೊಂಡು ರೇಡಿಯೋ ಜೋಡಿಸಿ ಮಾರತೊಡಗಿದರು. ಅವರಿಗೆ ಬಿಡಿಭಾಗಗಳನ್ನು ಮಾರಲು ಬೀದಿಯ ಬದಿಯಲ್ಲಿ ಅಂಗಡಿಗಳು ಹುಟ್ಟಿದವು. ಸಿದ್ಧ ರೇಡಿಯೋಕ್ಕಿಂತ ಕೈಯಲ್ಲಿ ಜೋಡಿಸಿದ್ದು ಅಗ್ಗವಾಗಿದ್ದಿತು. 1949ರಲ್ಲಿ ಬೀದಿಯಂಗಡಿಗಳನ್ನು ಎಬ್ಬಿಸಬೇಕೆಂದು ಅಮೆರಿಕದ ಆಡಳಿತದವರು ಆಜ್ಞೆ ಮಾಡಿದಾಗ, ವ್ಯಾಪಾರಿಗಳು ಬೇಡಿಕೊಂಡು ಈ ರೈಲು ಸೇತುವೆಯ ಕೆಳಗಿನ ನೆಲವನ್ನು ಪಡೆದರು. ಬೀದಿಯ ಮಗ್ಗುಲಲ್ಲಿ ಹಾಸಿದ್ದ ಚಾಪೆಯಷ್ಟೇ ಜಾಗವು ಪ್ರತಿಯೊಬ್ಬನಿಗೂ ಸಿಕ್ಕಿತೆಂದು ಕಾಣುತ್ತದೆ, ಅಷ್ಟು ಕಿರಿದು.

ಎರಡನೆಯ ಅಂತಸ್ತಿನಲ್ಲಿ ವಾಲ್ವಿನ ಅಂಗಡಿ. ಅಲ್ಲಿದ್ದವರು ನನ್ನಷ್ಟೇ ವಯಸ್ಸಿನವರು. ಚೀಟಿಯನ್ನು ನೋಡಿ ತಲೆಯಾಡಿಸಿ, ಹಿಂದಿನಿಂದ ಒಂದು ಹಳೆಯ ಡಬ್ಬಿಯನ್ನು ತೆಗೆದರು. ಅದರ ಮೇಲೆ ‘6 ಬಿ.ಕ್ಯೂ. 5’ ಎಂದಿದ್ದಿತು. ಇದಲ್ಲವೆಂದು ನಾನು ಕೈಯಾಡಿಸಿದೆನು. ಅವರು ಮೊಮ್ಮಗನಿಗೆ ಏನೋ ವಿವರಿಸಿದರು. “ಎರಡೂ ಒಂದೇ ಅಂತೆ ತಾತ. ಯೂರೋಪಿನವರು ಒಂದು ಹೆಸರು ಇಟ್ಟರು, ಅಮೆರಿಕದವರು ಇನ್ನೊಂದು. ಇಲ್ಲಿಯವರು ಅಮೆರಿಕದ ಹೆಸರಿಂದ ಕರೀತಾರೆ.” ಬಳಿಕ ಅವರು ವಾಲ್ವನ್ನು ಪರೀಕ್ಷಾ ಯಂತ್ರದಲ್ಲಿ ಸಿಕ್ಕಿಸಿ, ಅದು ಕಾಯುವವರೆಗೆ ಸುಮ್ಮನೆ ಕೈಕಟ್ಟಿ ನಿಂತರು. ಗಾಜಿನೊಳಗೆ ಕುಂಕುಮದಷ್ಟು ಕೆಂಪು ಮೂಡಿತು. ಮುಳ್ಳು ಮೇಲೇರಿತು. ಅನಿರುದ್ಧನು ಮುಖವನ್ನು ಗಾಜಿಗೆ ತಾಗುವಷ್ಟು ಹತ್ತಿರ ತಂದು ನೋಡುತ್ತಿದ್ದನು.

ಹಸಿರು ಕಣ್ಣು ಮಾತ್ರ ಸಿಕ್ಕಲಿಲ್ಲ. ಅವರಲ್ಲಿದ್ದುದು ಜಪಾನಿನ ಹಳೆಯ ರೇಡಿಯೋಗಳಲ್ಲಿದ್ದ ಬೇರೆ ಜಾತಿಯ ಕಣ್ಣು. ಅದರ ಕಾಲುಗಳು ನಮ್ಮ ಪೆಟ್ಟಿಗೆಯ ಕುಳಿಗೆ ಕೂರುವಂತಹವಲ್ಲ. ಅದನ್ನೇ ಕೊಟ್ಟು ಹಣ ಪಡೆದಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಅವರು ಅದನ್ನು ಡಬ್ಬಿಗೆ ಹಾಕಿ, ನಡುಬಗ್ಗಿಸಿ ಕ್ಷಮೆ ಕೇಳಿದರು.

ಹೊರಗೆ ಬಂದು ಮೆಟ್ಟಿಲ ಬಳಿ ನಿಂತಾಗ ಹುಡುಗನು, “ಈ ರೇಡಿಯೋ ಅಂದರೆ ಮುತ್ತಜ್ಜಿಗೆ ಯಾಕೆ ಅಷ್ಟು ಇಷ್ಟ?” ಎಂದು ಕೇಳಿದನು. ಹೇಳಿದೆನು. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಎಂ. ವಿ. ಗೋಪಾಲಸ್ವಾಮಿ ಎಂಬ ಪ್ರಾಧ್ಯಾಪಕರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಬಾನುಲಿ ನಿಲಯವನ್ನು ಆರಂಭಿಸಿದರೆಂದೂ, ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹಬ್ಬಿತೆಂದೂ ಹೇಳಿದೆನು. ಅದೇ ಒಂಟಿಕೊಪ್ಪಲಿನ ನಮ್ಮ ಮನೆಗೆ ರೇಡಿಯೋ ಬರಲು ಇನ್ನೂ ಇಪ್ಪತ್ತಾರು ವರ್ಷ ಬೇಕಾಯಿತು. ಕಾರಣ ನನ್ನ ತಾತ. ಊರ ಹೊರಗಿನವರ ದನಿ ಮನೆಯ ನಡುಮನೆಗೆ ಬರುವುದೆಂದರೇನು? ಹುಡುಗರು ಓದುವರೇ? ಹೆಂಗಸರಿಗೆ ಒಲೆಯ ಮೇಲೆ ಗಮನ ನಿಲ್ಲುವುದೇ? ಕೊನೆಗೆ ತಂದೆಯವರು ಅಂಚೆ ಕಚೇರಿಗೆ ಲೈಸೆನ್ಸಿನ ಹಣ ಕಟ್ಟಿ ಪೆಟ್ಟಿಗೆಯನ್ನು ತಂದಾಗಲೂ ವಾರ್ತೆ, ಸಂಗೀತ ಕಚೇರಿ ಇಷ್ಟಕ್ಕೇ ಅಪ್ಪಣೆ. ಮಧ್ಯಾಹ್ನ ತಾತ ಮಲಗಿದ ಮೇಲೆ ಅಮ್ಮ ಅದನ್ನು ಪಿಸುಮಾತಿನಷ್ಟು ಸಣ್ಣಗೆ ಹಾಕಿ, ಬತ್ತಿ ಹೊಸೆಯುತ್ತ, ಹಸಿರು ಕಣ್ಣಿನ ಮುಂದೆ ಕುಳಿತಿರುತ್ತಿದ್ದರು.

“ಆಮೇಲೆ ಎಲ್ಲರೂ ಹಾಳಾದರೇ?” ಎಂದನು ಅನಿರುದ್ಧ. ವ್ಯಂಗ್ಯವಾಗಿ ಕೇಳಿದನೋ ನಿಜವಾಗಿಯೇ ಕೇಳಿದನೋ ಇಂದಿಗೂ ತಿಳಿಯದು.

ಆ ಮೇಲೆ ಅವನ ಸರದಿ. ಹಳೆಯ ಆಟಗಳನ್ನು ಮಾರುವ ಅಂಗಡಿಯೊಂದಕ್ಕೆ ನನ್ನನ್ನು ಕರೆದೊಯ್ದನು. ಅವನು ಆಡುವ ಕೆಂಪು ಬಿಳಿಯ ಯಂತ್ರಕ್ಕೆ ಫ್ಯಾಮಿಕಾಂ ಎಂದು ಹೆಸರು. 1983ರ ಜುಲೈ ತಿಂಗಳಿನಲ್ಲಿ 14,800 ಯೆನ್ನಿಗೆ ಮಾರಾಟಕ್ಕೆ ಬಂದುದು. ಅಳಿಯನಿಗಿಂತ ಸ್ವಲ್ಪವೇ ಚಿಕ್ಕದು! ಅವನು ಆರಿಸಿದುದು ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ಕಥೆಯ ಮೂರನೆಯ ಭಾಗ. ಕೆಲವು ನೂರು ಯೆನ್ನಿನ ಕ್ಯಾಸೆಟ್ಟು. ಇದು 1988ರ ಫೆಬ್ರವರಿ 10, ಬುಧವಾರ ಹೊರಬಂದಾಗ ಅಂಗಡಿಗಳ ಮುಂದೆ ಜನರ ಸಾಲುಗಳು ಬೆಳೆದವು. ಶಾಲೆ ತಪ್ಪಿಸಿ ಬಂದ ಮಕ್ಕಳನ್ನು ಪೊಲೀಸಿನವರು ಹಿಡಿಯಬೇಕಾಯಿತು. ದೇಶ ಕೆಟ್ಟಿತೆಂದು ಹಿರಿಯರು ಪತ್ರಿಕೆಗಳಲ್ಲಿ ಗೋಳಾಡಿದರು. ನಾಲ್ಕನೆಯ ಭಾಗವು 1990ರಲ್ಲಿ ಬಂದುದು ಭಾನುವಾರ. ಹಿರಿಯರ ಕಳವಳ ಇನ್ನೂ ತೀರಿಲ್ಲ: ಕಗಾವ ಪ್ರಾಂತದವರು 2020ರ ಏಪ್ರಿಲಿನಿಂದ, ಮಕ್ಕಳು ಶಾಲೆಯ ದಿನ 60 ನಿಮಿಷ, ರಜೆಯ ದಿನ 90 ನಿಮಿಷ ಮಾತ್ರ ಆಡಬೇಕೆಂದು ಒಂದು ನಿಬಂಧನೆಯನ್ನೇ ಮಾಡಿದ್ದಾರೆ. ತಪ್ಪಿದರೆ ದಂಡವಿಲ್ಲ, ನೋಡಿಕೊಳ್ಳಬೇಕಾದವರು ಮನೆಯವರೇ. ಎಂದರೆ ಮತ್ತೆ ಬೀರುವಿನ ಬೀಗವೇ.

ಆ ಸಂಜೆ ಮಗಳು ಬೀಗ ತೆಗೆದಳು. ನಾನು ತೆಗೆಯೆಂದು ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಹುಡುಗನು ಕ್ಯಾಸೆಟ್ಟನ್ನು ಸಿಕ್ಕಿಸಿ ಗುಂಡಿಯೊತ್ತಿದವನು ಹಾಗೆಯೇ ಸ್ತಬ್ಧನಾದನು.

ಇದನ್ನು ತುಸು ಬಿಡಿಸಿ ಹೇಳಬೇಕು. ಈ ಆಟವು ದಿನಗಟ್ಟಲೆ ನಡೆಯುವ ಕಥೆ. ಹಿಂದಿನ ಭಾಗದಲ್ಲಿ ಆಟವನ್ನು ನಿಲ್ಲಿಸುವಾಗ ಯಂತ್ರವು ಐವತ್ತೆರಡು ಅಕ್ಷರಗಳವರೆಗಿನ ಒಂದು ‘ಸಂಜೀವಿನಿ ಮಂತ್ರ’ವನ್ನು ಕೊಡುತ್ತಿದ್ದಿತು. ಮಕ್ಕಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಮರುದಿನ ಒಪ್ಪಿಸಬೇಕು. ಒಂದು ಅಕ್ಷರ ತಪ್ಪಿದರೆ ಪಟ್ಟ ಕಷ್ಟವೆಲ್ಲ ಮಣ್ಣುಪಾಲು. ಮೂರನೆಯ ಭಾಗದಲ್ಲಿ ಈ ಉಪದ್ರವವು ತಪ್ಪಿತು. ಕ್ಯಾಸೆಟ್ಟಿನ ಒಳಗೇ ಒಂದು ಗುಂಡನೆಯ ಪುಟ್ಟ ಬ್ಯಾಟರಿಯಿದ್ದು, ‘ಸಾಹಸದ ಪುಸ್ತಕ’ವೆಂಬ ಮೂರು ಕಡತಗಳನ್ನು ಅದು ಜೀವಂತವಾಗಿಟ್ಟಿರುವುದು. ಆ ಬ್ಯಾಟರಿ ಸತ್ತರೆ ಪುಸ್ತಕವೂ ಸತ್ತಂತೆ.

ಅನಿರುದ್ಧನು ಕೊಂಡ ಕ್ಯಾಸೆಟ್ಟಿನಲ್ಲಿ ಬ್ಯಾಟರಿ ಇನ್ನೂ ಸತ್ತಿರಲಿಲ್ಲ. ಮೊದಲನೆಯ ಪುಸ್ತಕದಲ್ಲಿ ಒಂದು ಹೆಸರಿದ್ದಿತು: ಹಿರೋಶಿ. ಮೂವತ್ತೆಂಟನೆಯ ಮಟ್ಟದವರೆಗೆ ಏರಿ, ಕಡೆಯ ರಾಕ್ಷಸನ ಕೋಟೆಗೆ ಹೋಗದೆ ನಿಂತುಬಿಟ್ಟಿದ್ದಾನೆ. ಪರೀಕ್ಷೆ ಬಂದಿತೋ, ತಂದೆಗೆ ವರ್ಗವಾಯಿತೋ, ನನ್ನಂಥ ಅಜ್ಜನೊಬ್ಬನು ಬೀರುವಿನಲ್ಲಿಡಿಸಿದನೋ!

“ಬ್ಯಾಟರಿ ಬದಲಾಯಿಸಬಹುದು ತಾತ, ಬೆಸುಗೆ ಹಾಕಬೇಕು ಅಷ್ಟೆ. ಆದರೆ ತೆಗೆದ ಕೂಡಲೇ ಇವನು ಹೋಗಿಬಿಡ್ತಾನೆ.”

“ನಿನ್ನ ಪುಸ್ತಕ?”

“ಮೂರನೇದು ಖಾಲಿ ಇದೆ. ಅದರಲ್ಲಿ ಆಡ್ತೀನಿ. ಬ್ಯಾಟರಿ ಹೋದರೆ ನನ್ನದೂ ಹೋಗುತ್ತೆ, ಹೋಗಲಿ.”

ಹಿರೋಶಿಯ ಕಥೆಯನ್ನು ನೀನೇ ಮುಗಿಸಬಾರದೇ ಎಂದೆನು. ಅವನು ಬಹಳ ಹೊತ್ತು ಯೋಚಿಸಿ, “ಅವನು ಕೇಳಿಲ್ಲವಲ್ಲ,” ಎಂದನು. ಮಗಳು ಅಡಿಗೆಮನೆಯಿಂದ ನನ್ನತ್ತ ನೋಡಿದಳು. ನಾನು ಕನ್ನಡಕವನ್ನು ಒರೆಸತೊಡಗಿದೆನು. ಎರಡು ಗಂಟೆಗಳ ಕಾಲ ಅವನ ಪಕ್ಕದಲ್ಲಿ ಕುಳಿತೆನು. ಇಷ್ಟು ಹೊತ್ತು ಆಡುವುದು ಹೆಚ್ಚೆಂದೇ ಈಗಲೂ ನನ್ನ ಅಭಿಪ್ರಾಯ. ಆದರೆ ಅಂದು ನಿಲ್ಲಿಸೆಂದು ಹೇಳಬೇಕೆಂಬುದೇ ನೆನಪಾಗಲಿಲ್ಲ.

ವಾಲ್ವನ್ನು ಕರವಸ್ತ್ರದಲ್ಲಿ ಸುತ್ತಿ ಮೈಸೂರಿಗೆ ತಂದೆನು. ರಿಪೇರಿಯವರು ಕೂಡಿಸಿ, ತುಕ್ಕು ಕೆರೆದು, ಗುಂಡಿಯನ್ನು ತಿರುಗಿಸಿದರು. ಏನೂ ಕೇಳಿಸದೆ ನಾನು ಕೈಹಾಕಲು ಹೋದಾಗ ಅಮ್ಮ, “ಮುಟ್ಟಬೇಡ, ಇನ್ನೂ ಕಾದಿಲ್ಲ,” ಎಂದು ಗದರಿದರು. ತುಸು ಹೊತ್ತಿನ ಮೇಲೆ ಮಳೆ ಬಿದ್ದಂತೆ ಸರಸರ ಸದ್ದು. ಅದರ ಹಿಂದಿನಿಂದ ಯಾವುದೋ ಊರಿನ, ಯಾವುದೋ ಭಾಷೆಯ ಮಾತು. ಅಮ್ಮನಿಗೆ ಈಗ ದೃಷ್ಟಿ ಬಹಳ ಮಂಜು.

“ಹಸಿರು ಕಣ್ಣು ಬಿಟ್ಟಿದೆಯೇನೋ?”

ಹೌದೆಂದುಬಿಡಬಹುದಾಗಿತ್ತು. ಅಂಗಡಿಯವರು ಡಬ್ಬಿ ಮುಚ್ಚಿ ನಡುಬಗ್ಗಿಸಿದುದು ಕಣ್ಣಮುಂದೆ ಬಂದಿತು. “ಇಲ್ಲಮ್ಮ, ಅದು ಅಲ್ಲಿ ಸಿಗಲಿಲ್ಲ,” ಎಂದೆನು.

“ಹೋಗಲಿ, ಇನ್ನೊಂದು ಸಲ ಆ ಕಡೆ ಹೋದಾಗ ವಿಚಾರಿಸು,” ಎಂದರು, ಅಕಿಹಬರವು ದೇವರಾಜ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿದೆಯೋ ಎಂಬಂತೆ. ಮತ್ತು ಕಿವಿಯನ್ನು ಪೆಟ್ಟಿಗೆಯ ಹತ್ತಿರಕ್ಕೆ ತಂದುಕೊಂಡರು.